ಗಾಡಿ ಬರುವ ಮೊದಲು ಏಳುವ ಕೆಲಸಗಳು

ಡಿಸೆಂಬರ್ 3, ಮಂಗಳವಾರ

ಇವತ್ತೂ ಕಂಪ್ಯೂಟರ್ ಹೊತ್ತಿಗೆ ಏಳಲಿಲ್ಲ. ಪರದೆಯ ಮೇಲೆ ಚಿತ್ರಗಳೆಲ್ಲ ಬಂದು ಕೂತಿವೆ, ಬಾಣ ಮಾತ್ರ ಇದ್ದಲ್ಲಿಂದ ಕದಲುವುದಿಲ್ಲ. ಮೇಜಿನ ಕೆಳಗಿನ ಸಿ.ಪಿ.ಯು. ಡಬ್ಬಿಯಲ್ಲಿ ಕೆಂಪು ದೀಪ ಒಂದೇ ಸಮ ಉರಿಯುತ್ತದೆ, ಒಳಗೆ ಯಾರೋ ಕೂತು ಜೋಳ ಬೀಸಿದಂಥ ಸದ್ದು. ಏನು ಬೀಸುತ್ತದೋ, ಯಾರಿಗೆ ಬೀಸುತ್ತದೋ. ಹೊರಗೆ ತುಕ್ಕಾನಟ್ಟಿಯ ಹೆಂಗಸರು ಸೆರಗು ಹೊದ್ದು ಹಾಲಿನ ಕ್ಯಾನು ಹಿಡಿದು ಚಳಿಯಲ್ಲಿ ನಿಂತೇ ಇದ್ದರು.

ಹಾಲಿನ ತೂಕ, ಫ್ಯಾಟ್ ಎರಡೂ ಕಂಪ್ಯೂಟರಿಗೆ ಹೋಗಿ ಚೀಟಿ ಹೊರಗೆ ಬರಬೇಕು. ಚೀಟಿ ಕೈಗೆ ಬಾರದೆ ಯಾರೂ ಸಾಲು ಬಿಡುವುದಿಲ್ಲ. ಆ ಪದ್ಧತಿ ಮಾಡಿದವಳು ನಾನೇ. ಮಹಿಳಾ ಹಾಲಿನ ಸಂಘ ಶುರುವಾದಾಗಿನಿಂದ ನಾನು ಅಧ್ಯಕ್ಷೆ. ಮೆಟ್ರಿಕ್‌ವರೆಗೆ ಓದಿದ ಹೆಂಗಸು ಆಗ ಊರಲ್ಲಿ ನಾನೊಬ್ಬಳೇ. ಬಾಯಿಮಾತಿನ ಲೆಕ್ಕಕ್ಕೆ ನಾನು ಎಂದೂ ಜಾಗ ಕೊಟ್ಟಿಲ್ಲ.

ಡೇರಿಯ ಗಾಡಿ ಬಂದು ಹಾರ್ನ್ ಹೊಡೆಯಿತು. ಡ್ರೈವರ್ ಸಿದ್ರಾಯ ಇಳಿದು ಬಂದು ನನ್ನ ಮುಖ ನೋಡದೆ ಗೋಡೆಯ ಗಡಿಯಾರ ನೋಡಿದ. ಎದುರಿಗೆ ಶಿವಕುಮಾರ ಖಾಸಗಿ ಡೇರಿಗೆ ಹಾಲು ಕೊಳ್ಳುವ ಅಂಗಡಿ ತೆರೆದಿದ್ದಾನೆ. ಅವನಲ್ಲಿ ಸಾಲೂ ಇಲ್ಲ, ಚೀಟಿಯೂ ಇಲ್ಲ, ಬಿಸಿ ಚಹಾ ಇದೆ. ನನ್ನ ಕಣ್ಣೆದುರೇ ಕೆಲವರು ರಸ್ತೆ ದಾಟಿದರು. ಅದರಲ್ಲಿ ಸಂಘ ಶುರುವಾದಾಗಿನಿಂದ ನನ್ನ ಜೊತೆಗಿದ್ದ ಜಿನ್ನವ್ವನೂ ಒಬ್ಬಳು.

ಹಳೆಯ ಕಂಪ್ಯೂಟರ್ ಕೆಟ್ಟಾಗ ಮಗ ಮಹಾಂತೇಶ ಘಟಪ್ರಭಾದಿಂದ ಯಾರೋ ಬಳಸಿ ಬಿಟ್ಟದ್ದನ್ನು ತಂದ. ಅದರ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದವಳು ಅವನ ಹೆಂಡತಿ. ಬಿ.ಸಿ.ಎ. ಓದಿದ್ದಾಳೆ. ಹಳೆಯ ಯಂತ್ರಕ್ಕೆ ಇದು ಹಗುರ ಎಂದಿದ್ದಳು. ಹಗುರ ಎಂದರೆ ಹೀಗೆ. ಸಾಲಿನ ಮುಂದೆಯೇ ಅವಳನ್ನು ಕೇಳಿದೆ.

"ನಿನ್ನ ತವರುಮನಿ ಸಾಮಾನೆಲ್ಲಾ ಇದರಾಗ ತುಂಬಿಟ್ಟಿ ಏನ?"

ಹೆಂಗಸರು ನಕ್ಕರು. ಅವಳು ನಗಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ತಪ್ಪಿಲ್ಲದವರು ಉತ್ತರ ಕೊಡುತ್ತಾರೆ.

ಡಿಸೆಂಬರ್ 5, ಗುರುವಾರ

ಡೇರಿಯ ಮೇಲ್ವಿಚಾರಕ ಹೊಳೆಪ್ಪ ಬಂದಿದ್ದ. ನಾನು ಕೊಟ್ಟ ಚಹಾ ಕುಡಿದ, ಆಮೇಲೆ ಹೇಳಿದ. ಹೊಸ ವರ್ಷದಿಂದ ಗಾಡಿಯ ದಾರಿ ಬದಲಾಗುತ್ತದಂತೆ. ಏಳೂಕಾಲಿಗೆ ಕ್ಯಾನು ತುಂಬಿ ನಿಲ್ಲದ ಊರಿಗೆ ಗಾಡಿ ಬರುವುದಿಲ್ಲವಂತೆ.

ಗಾಡಿ ಬರದಿದ್ದರೆ ಸಂಘ ಎಲ್ಲಿ ಉಳಿಯುತ್ತದೆ? ದೊಡ್ಡ ರಸ್ತೆಯವರೆಗೆ ಕ್ಯಾನು ಹೊರುವ ಶಕ್ತಿ ಅರ್ಧ ಜನರಿಗಿಲ್ಲ. ಎಲ್ಲರೂ ಶಿವಕುಮಾರನ ಬಾಗಿಲಿಗೆ ಹೋಗುತ್ತಾರೆ. ಹೋದ ಮರುದಿನದಿಂದ ಅವನ ಚಹಾ ನಿಲ್ಲುತ್ತದೆ, ದರ ಇಳಿಯುತ್ತದೆ.

"ನಿಮ್ಮ ಮ್ಯಾಲ ಗೌರವ ಐತ್ರಿ ಬಾಳಕ್ಕಾ. ಆದ್ರ ಗೌರವ ನೋಡಿ ಹಾಲು ಕೆಡೂದು ಬಿಡೂದಿಲ್ಲ," ಎಂದ ಹೊಳೆಪ್ಪ.

ನನ್ನ ಬಾಗಿಲಲ್ಲಿ ನಿಂತು ನನಗೆ ಹೇಳಿದ ಮಾತು. ಅವನು ಕುಡಿದ ಕಪ್ಪು ಎತ್ತಿಟ್ಟೆ.

ಡಿಸೆಂಬರ್ 6, ಶುಕ್ರವಾರ

ಬೇಗ ಹೋಗಿ ಚಾಲು ಮಾಡಿದರಾಯಿತು, ಅದೇನು ದೊಡ್ಡ ವಿದ್ಯೆ ಎಂದುಕೊಂಡು ಕತ್ತಲಿದ್ದಾಗಲೇ ಲಿಂಗಪೂಜೆ ಮುಗಿಸಿ ಕೀಲಿ ತೆಗೆದೆ. ಯಂತ್ರ ಲಗುಬಗೆಯಿಂದ ಎದ್ದಿತು. ಬಾಣ ಮೀನಿನ ಹಾಗೆ ಓಡಾಡಿತು. ನಾನೂ ಬೆನ್ನು ನೆಟ್ಟಗೆ ಮಾಡಿ ಕೂತೆ. ಸಾಲು ಬಂತು, ಮೊದಲ ಕ್ಯಾನು ತೂಕಕ್ಕೆ ಇಟ್ಟರು, ಸರಿಯಾಗಿ ಆಗ ಬೀಸುವ ಸದ್ದು ಶುರುವಾಯಿತು.

ನನ್ನನ್ನು ನೋಡಿಕೊಂಡೇ ಕಾಯುತ್ತದೆ.

ಡಿಸೆಂಬರ್ 8, ಭಾನುವಾರ

ಸೊಸೆ ಯಮಕನಮರಡಿಗೆ ಹೋದಳು. ಅವಳ ದೊಡ್ಡಪ್ಪನ ಮಗಳ ನಿಶ್ಚಯ. ಮಂಗಳವಾರ ಬರುತ್ತೇನೆ ಎಂದಳು. ಹೋಗುವಾಗ ಕಂಪ್ಯೂಟರ್ ಹೇಗೆ ತೆರೆಯಬೇಕು, ಹಾಲಿನ ಪುಟ ಎಲ್ಲಿದೆ ಎಂದು ತೋರಿಸಿದಳು. ಒಂದೇ ಸಲಕ್ಕೆ ಕಲಿತೆ. ಕಲಿಯಲಾರದ್ದು ಅದರಲ್ಲಿ ಏನೂ ಇಲ್ಲ.

ಡಿಸೆಂಬರ್ 10, ಮಂಗಳವಾರ

ಬರಲಿಲ್ಲ. ಮಹಾಂತೇಶನನ್ನು ಕೇಳಿದರೆ ಅವಳಿಗೆ ಮೈ ಸರಿಯಿಲ್ಲವಂತೆ ಎಂದು ನೆಲ ನೋಡುತ್ತಾನೆ. ಸಕ್ಕರೆ ಕಾರ್ಖಾನೆಯಲ್ಲಿ ಅಷ್ಟು ಜನರ ಮೇಲೆ ದನಿ ಎತ್ತುವ ಮಗ, ಮನೆಯಲ್ಲಿ ನೆಲ ನೋಡುತ್ತಾನೆ. ಜ್ವರ ಏನು ಎಂದೆ. ಜ್ವರ ಅಲ್ಲ ಎಂದ. ಹಾಗಾದರೆ ಏನು ಎಂದೆ. ಪಾಳಿಗೆ ಹೊತ್ತಾಯಿತು ಎಂದು ಹೊರಟ.

ಎಮ್ಮೆ ಹಿಂಡುವುದು, ಅವನ ಬುತ್ತಿ, ಸಂಘ, ಮತ್ತೆ ಮನೆಗೆ ಬಂದು ರೊಟ್ಟಿ, ನೀರು, ಸಂಜೆ ಮತ್ತೆ ಎಮ್ಮೆ, ಮತ್ತೆ ಸಂಘ. ನಾನು ಇದನ್ನೆಲ್ಲ ಮಾಡಿ ಬಂದವಳೇ. ಆಗ ಸೊಂಟ ಬೇರೆ ಇತ್ತು.

ಡಿಸೆಂಬರ್ 11, ಬುಧವಾರ

ಡಬ್ಬಿಯನ್ನು ಮಹಾಂತೇಶನ ಗಾಡಿಯಲ್ಲಿಟ್ಟುಕೊಂಡು ಗೋಕಾಕಕ್ಕೆ ಹೋದೆವು. ಕೇದಾರಿ ಎಂಬುವನ ರಿಪೇರಿ ಅಂಗಡಿ. ಚಾಲು ಮಾಡಿ ನೋಡಿ, ಚೇಳು ಕಂಡವನ ಹಾಗೆ ಕೈ ಹಿಂದೆ ತೆಗೆದ.

"ಅಮ್ಮಾರ, ಇದರಾಗ ಲಿನಕ್ಸ್ ಐತ್ರಿ. ನಾವು ಇದನ್ನ ಮುಟ್ಟೂದಿಲ್ರಿ. ಪೂರಾ ತಗದು ಬ್ಯಾರೆ ಹಾಕಿಬಿಡೂಣು?"

ಒಳಗಿನ ಹಾಲಿನ ಲೆಕ್ಕ ಏನಾಗುತ್ತದೆ ಎಂದೆ. ಅದೆಲ್ಲ ಹೋಗುತ್ತದೆ ಎಂದ, ಹೋಗುವುದು ಅವನದಲ್ಲವಲ್ಲ.

"ಹೊಟ್ಟಿ ನೋಯಾಕತ್ತೈತಿ ಅಂದ್ರ ಹೊಟ್ಟೀನ ತಗದ ಒಗೀತಿ ಏನಪಾ?"

ಅಂಗಡಿಯಲ್ಲಿದ್ದವರು ನಕ್ಕರು. ಡಬ್ಬಿ ಎತ್ತಿಕೊಂಡು ಬಂದೆವು. ಅವನು ಹೇಳಿದ್ದರಲ್ಲಿ ಒಂದು ಮಾತು ಮಾತ್ರ ಕೆಲಸದ್ದು. ಚಾಲು ಆಗುವಾಗ ನಾವು ಕರೆಯದೆಯೇ ಹಿಂದೆ ಏನೇನೋ ಕೆಲಸಗಳು ತಾವಾಗಿ ಶುರುವಾಗುತ್ತವಂತೆ. ಅವು ಯಂತ್ರವನ್ನು ಹಿಡಿದಿಟ್ಟುಕೊಳ್ಳುತ್ತವಂತೆ.

ನಾನು ಹೇಳಿದ್ದು ಅದನ್ನೇ ಅಲ್ಲವೇ? ಯಾರೋ ತುಂಬಿದ್ದಾರೆ.

ಡಿಸೆಂಬರ್ 13, ಶುಕ್ರವಾರ

ಸಿಕ್ಕಿತು. ಸಂಜೆ ಹಾಲು ಮುಗಿದ ಮೇಲೆ ಒಂದೊಂದೇ ಪಟ್ಟಿ ತೆರೆದು, ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತ ಹೋದೆ. ಸ್ಟಾರ್ಟಪ್ ಅಪ್ಲಿಕೇಶನ್ಸ್ ಎಂದು ಒಂದು ಕಡೆ ಇದೆ. ತೆರೆದರೆ ಉದ್ದಕ್ಕೆ ಹೆಸರುಗಳು, ಪಕ್ಕದಲ್ಲಿ ಗುರುತು. ಮುಂಜಾನೆ ನನ್ನ ಅಪ್ಪಣೆ ಇಲ್ಲದೆ ಇಷ್ಟು ಜನ ಏಳುತ್ತಾರೆ. ಸ್ವಾಗತ ಹೇಳುವುದೊಂದು. ಸಂಘಕ್ಕೆ ಯಾರ ಸ್ವಾಗತ ಬೇಕಾಗಿದೆ? ಬ್ಲೂಟೂತ್ ಒಂದು. ಚೀಟಿ ಅಂಟಿಸುವ ಹಳದಿ ಕಾಗದದ ಚಿತ್ರವೊಂದು. ಕೊನೆಯಲ್ಲಿ, ಬೇರೆಲ್ಲಕ್ಕಿಂತ ಕೆಳಗೆ, ಸುಜಾತಾ.

ಎರಡು ಸಲ ಓದಿದೆ. ಸೊಸೆಯ ಹೆಸರೇ. ಸಂಘ ಕಟ್ಟಿದವಳು ನಾನು, ಬಾಗಿಲ ಮೇಲಿನ ಹಲಗೆಯಲ್ಲಿ ಕೂಡ ನನ್ನ ಹೆಸರು ಬರೆಸಿಲ್ಲ. ಇವಳು ಸಂಘದ ಯಂತ್ರದೊಳಗೆ ತನ್ನ ಹೆಸರು ಇಟ್ಟು ದಿನಾ ಮುಂಜಾನೆ ಎಬ್ಬಿಸಿಕೊಳ್ಳುತ್ತಾಳೆ.

ಮೊದಲು ಆ ಗುರುತು ತೆಗೆದೆ. ಆಮೇಲೆ ಉಳಿದವುಗಳನ್ನು.

ಡಿಸೆಂಬರ್ 14, ಶನಿವಾರ

ಯಂತ್ರ ಬೇಗ ಎದ್ದಿತು, ಅದು ಖರೆ. ಮೊದಲ ಕ್ಯಾನು ಇಟ್ಟರು. ತೂಕದ ಯಂತ್ರದಲ್ಲಿ ಅಂಕಿ ಕಾಣುತ್ತಿದೆ, ಕಂಪ್ಯೂಟರಿನಲ್ಲಿ ಸೊನ್ನೆ. ಮತ್ತೆ ಇಟ್ಟರು, ಸೊನ್ನೆ. ವೈರು ಅಲ್ಲಾಡಿಸಿದೆ, ಬಂದ್ ಮಾಡಿ ಚಾಲು ಮಾಡಿದೆ, ಸೊನ್ನೆ. ಸೊನ್ನೆ ತೂಕಕ್ಕೆ ಚೀಟಿ ಹೇಗೆ ಬರುತ್ತದೆ? ಕಾಗದದ ಮೇಲೆ ಬರೆದುಕೊಡುತ್ತೇನೆ ಎಂದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅಚ್ಚಾದ ಚೀಟಿ ಇಲ್ಲದೆ ಹಾಲು ಹಾಕಬೇಡಿ ಎಂದು ಇಷ್ಟು ವರ್ಷ ಕಲಿಸಿದವಳು ನಾನೇ. ಕಲಿಸಿದ್ದನ್ನು ಅವರು ಕಲಿತಿದ್ದಾರೆ.

ಅಷ್ಟರಲ್ಲಿ ಬೀಸುವ ಸದ್ದೂ ಶುರುವಾಯಿತು. ಆ ಪಟ್ಟಿಯಲ್ಲಿದ್ದ ಎಲ್ಲರನ್ನೂ ಹೊರಗೆ ಹಾಕಿದ್ದೇನೆ, ಆದರೂ ಬೀಸುತ್ತದೆ.

ಸಿದ್ರಾಯ ಎರಡು ಸಲ ಹಾರ್ನ್ ಹೊಡೆದ. ಆಮೇಲೆ ಹೊಡೆಯದೆ ಹೋದ. ಸಂಘ ಹುಟ್ಟಿದ ಮೇಲೆ ಗಾಡಿ ನಮ್ಮ ಹಾಲು ಬಿಟ್ಟು ಹೋದದ್ದು ಇದೇ ಮೊದಲು. ಹೆಂಗಸರು ಕ್ಯಾನು ಎತ್ತಿಕೊಂಡು ರಸ್ತೆ ದಾಟಿದರು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು.

ಮಹಾಂತೇಶ ಫೋನಿನಲ್ಲಿ ಅವಳಿಗೆ ಹೇಳಿದ. ಆ ಕಡೆಯಿಂದ ಅವಳು ಕೇಳಿದ್ದು ನನಗೂ ಕೇಳಿಸಿತು. ತನ್ನ ಹೆಸರಿನದು ಏನಾದರೂ ತೆಗೆದರೇನು ಎಂದು. ಮಹಾಂತೇಶ ನನ್ನ ಮುಖ ನೋಡಿದ. ನಾನು ಎಮ್ಮೆಗೆ ನೀರು ಕುಡಿಸಲು ಹೋದೆ.

ಡಿಸೆಂಬರ್ 15, ಭಾನುವಾರ

ಫೋನಿನಲ್ಲಿ ಆಗುವ ಕೆಲಸವಲ್ಲ ಇದು. ಮುಂಜಾನೆ ಬಂದವರು ಬೆರಳೆಣಿಕೆಯಷ್ಟು ಜನ. ಅವರದನ್ನು ಕೈಬರಹದಲ್ಲಿ ಮುಗಿಸಿ, ಡಬ್ಬಿಯನ್ನು ಕೀಬೋರ್ಡಿನ ಸಮೇತ ಕೌದಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಹುಕ್ಕೇರಿಯಲ್ಲಿ ಇನ್ನೊಂದು ಬಸ್ಸು. ಕಂಡಕ್ಟರ್ ಕೌದಿ ನೋಡಿ, ಮೊಮ್ಮಗುವಿಗೆ ಗಾಳಿ ಬಡಿಯದ ಹಾಗೆ ಹಿಡಿದುಕೊಳ್ಳಿ ಅಮ್ಮ ಎಂದ. ತೊಡೆಯ ಮೇಲಿನ ಕಬ್ಬಿಣಕ್ಕೆ ಟಿಕೆಟು ಕೇಳದಿದ್ದರೆ ಸಾಕೆಂದು ಸುಮ್ಮನಿದ್ದೆ.

ಬೀಗರ ಮನೆಗೆ ಕರೆಯದೆ ನಾನು ಹೋದವಳಲ್ಲ. ಯಂತ್ರದ ಕೆಲಸಕ್ಕೆ ಬಂದೆ ಎಂದು ಹೊಸ್ತಿಲಲ್ಲೇ ಹೇಳಿದೆ. ಬೀಗತಿ ನೀರು ಕೊಟ್ಟಳು. ಸುಜಾತಾ ಎಲ್ಲಿ ಎಂದೆ. ಮಲಗಿದ್ದಾಳೆ ಎಂದಳು. ಹೊತ್ತು ನೆತ್ತಿಗೆ ಬಂದಿತ್ತು.

"ಬಂದ ದಿನದಿಂದ ಮಲಗೂದ ಆಗೇತ್ರಿ ಅಕ್ಕಾರ. ನಿಶ್ಚಯದ ದಿನಾನೂ ಊಟಕ್ಕ ಕುಂತಲ್ಲೇ ತೂಕಡಿಸಿದ್ಲು. ಬ್ಯಾನಿ ಏನಾರ ಐತೇನಂತ ದವಾಖಾನಿಗೆ ತೋರಿಸಿದ್ವಿ. ಏನೂ ಇಲ್ಲ, ನಿದ್ದಿ ಇಲ್ಲ ಇಕಿಗೆ ಅಂದ್ರು ಡಾಕ್ಟರ್ರು."

ನಿದ್ದೆ ಇಲ್ಲದಿರಲು ನಮ್ಮ ಮನೆಯಲ್ಲಿ ಹಾಸಿಗೆ ಇಲ್ಲವೇ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳೇ ಎದ್ದು ಬಂದಳು. ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು. ನನ್ನನ್ನು ನೋಡಿದಳು, ಕೌದಿ ನೋಡಿದಳು, ಡಬ್ಬಿ ಬಿಚ್ಚಿ ಅವರ ಮನೆಯ ಟಿ.ವಿ.ಗೆ ಜೋಡಿಸಿದಳು.

ಆ ಹೆಸರು ಏನು ಎಂದು ಕೇಳಿದೆ.

"ತೂಕದ ಮಶೀನು ಕಂಪ್ಯೂಟರಿಗೆ ಅಂಕಿ ಕಳಸಬೇಕಲ್ರಿ, ಅದನ್ನ ಜೋಡಸೂದು ಒಂದು ಬರದಿದ್ದೆ. ಹೆಸರು ಕೇಳ್ತು. ಏನಿಡಬೇಕು ತಿಳೀಲಿಲ್ಲ, ನಂದ ಇಟ್ಟೆ."

ಅಷ್ಟೇ ಹೇಳಿದಳು. ಗುರುತು ಮತ್ತೆ ಹಾಕಿದಳು. ಬೇಕಾದರೆ ಹೆಸರು ಬದಲಿಸುತ್ತೇನೆ ಎಂದಳು. ಇರಲಿ ಬಿಡು, ಮತ್ತೆ ಕೆಟ್ಟೀತು ಎಂದೆ.

ಆಮೇಲೆ ಕಪ್ಪು ಪರದೆ ತೆಗೆದು ಏನೋ ಬರೆದಳು. ಯಾವ ಕೆಲಸ ಏಳುವಾಗ ಎಷ್ಟು ಹೊತ್ತು ತಿಂದಿದೆ ಎಂದು ಯಂತ್ರವೇ ಹೇಳುತ್ತದಂತೆ. ಆ ಅಪ್ಪಣೆಯಲ್ಲಿ ಬ್ಲೇಮ್ ಎಂಬ ಶಬ್ದವಿದೆ. ಅರ್ಥ ನನಗೂ ಗೊತ್ತು. ಯಾರನ್ನು ಬೈಯಬೇಕು ಎಂದು ಕೇಳುವುದು. ಟಿ.ವಿ.ಯ ತುಂಬ ಹೆಸರುಗಳು ಇಳಿದವು. ಒಂದೊಂದನ್ನೂ ಬೆರಳಿಟ್ಟು ಕೇಳಿದೆ, ಒಂದೊಂದಕ್ಕೂ ಅವಳು ಹೇಳಿದಳು. ಇದು ಹೊಸ ತಿದ್ದುಪಡಿ ತಂದು ಹಾಕುವುದು. ಇದು ಒಳಗಿನ ಕಡತಗಳನ್ನೆಲ್ಲ ಹೊಂದಿಸಿ ಪಟ್ಟಿ ಮಾಡುವುದು. ಇದು ಹಾಲಿನ ಲೆಕ್ಕದ ಇನ್ನೊಂದು ಪ್ರತಿ ತೆಗೆದಿಡುವುದು. ನಾನು ಗುರುತು ತೆಗೆದ ಪಟ್ಟಿಯಲ್ಲಿ ಇವು ಯಾವುವೂ ಇರಲಿಲ್ಲ. ಇವು ಇನ್ನೂ ಒಳಗಿನವು.

ಎಲ್ಲವನ್ನೂ ತೆಗೆ ಎಂದೆ.

"ತಗದ್ರ ಲೆಕ್ಕ ಒಂದಿನ ಹೋಗೇ ಹೋಗತೈತ್ರಿ. ದಿನಕ್ಕೊಮ್ಮಿ ಆಗಬೇಕಾದ ಕೆಲಸ ಅವು."

"ದಿನಕ್ಕೊಮ್ಮಿ ಅಂದ್ರ ನನ್ನ ಸಾಲು ನಿಂತಾಗೇ ಆಗಬೇಕೇನ? ಬ್ಯಾರೆ ಹೊತ್ತಿಲ್ಲೇನು ಅವಕ್ಕ?"

ಅವಳು ಟಿ.ವಿ. ಕಡೆಗೇ ನೋಡುತ್ತಿದ್ದಳು.

"ಬ್ಯಾರೆ ಹೊತ್ತು ಎಲ್ಲೈತ್ರಿ ಅತ್ತಿಯವರ? ಹಾಲು ಮುಗೀತಂದ್ರ ಮೇನ್ ತಗೀತೀರಿ. ಅರ್ಧಾ ಮಾಡಿದ್ದು ಅಲ್ಲೇ ಬೀಳತೈತಿ. ಮತ್ತ ಚಾಲೂ ಆದಾಗ ಎಲ್ಲಾ ಒಮ್ಮೆಲೇ ಮೈಮ್ಯಾಲ ಬರತಾವು."

ಒಳಗೆ ಸೌತೆಕಾಯಿ ಹೆಚ್ಚುತ್ತಿದ್ದ ಬೀಗತಿಯ ಕೈ ನಿಂತಿತು. ಯಾಕೆ ನಿಂತಿತೋ. ಸುಜಾತಾ ಹೇಳಿದ್ದು ಯಂತ್ರದ ಮಾತು.

ಕೊನೆಯ ಕ್ಯಾನು ಗಾಡಿಗೆ ಏರಿದ ಕೂಡಲೇ ನಾನು ಗೋಡೆಯ ಮೇನ್ ಸ್ವಿಚ್ ತೆಗೆಯುತ್ತೇನೆ ಎಂಬುದು ನಿಜ. ಕೆಲಸವಿಲ್ಲದೆ ಉರಿಯುವ ದೀಪವನ್ನು ನಮ್ಮ ಮನೆತನದಲ್ಲಿ ಯಾರೂ ಸಹಿಸಿಲ್ಲ. ಆದರೆ ಕೆಲಸ ಇದ್ದರೆ ಆ ಮಾತು ಬೇರೆ. ಬಿಡುವು ಕೊಡದಿದ್ದರೆ ಯಾವ ಕೆಲಸವಾದರೂ ಒಲೆ ಹೊತ್ತಿಸುವಾಗಲೇ ಕಾಲಿಗೆ ತೊಡರುತ್ತದೆ. ಇದು ಕಂಪ್ಯೂಟರ್ ಓದಿದವರಿಗಿಂತ ಮನೆ ನಡೆಸಿದವರಿಗೆ ಚೆನ್ನಾಗಿ ಗೊತ್ತು. ಹಾಗೆಂದೇ ಅವಳಿಗೂ ಹೇಳಿದೆ. ಮುಂಜಾನೆ ಹಾಲು ಮುಗಿದ ಮೇಲೆ ಮಧ್ಯಾಹ್ನದವರೆಗೆ ಚಾಲು ಇಡೋಣ, ಇವುಗಳಿಗೆಲ್ಲ ಆ ಹೊತ್ತು ಗೊತ್ತು ಮಾಡಿಕೊಡು ಎಂದೆ. ಆಗುತ್ತದೆ ಎಂದಳು. ಅವಳ ದನಿಯಲ್ಲಿ ಆಶ್ಚರ್ಯವಿತ್ತು. ನನಗೆ ಬುದ್ಧಿ ಇದೆ ಎಂದು ಇವರಿಗೆಲ್ಲ ಇಷ್ಟು ತಡವಾಗಿ ತಿಳಿಯುವುದೇಕೋ.

ಊಟ ಮಾಡಿ ಹೊರಟೆ. ಬಾ ಎಂದು ನಾನು ಕರೆಯಲಿಲ್ಲ. ಕೌದಿ ಸುತ್ತುವಾಗ ಅವಳು ಚೀಲ ತಂದು ಪಕ್ಕದಲ್ಲಿಟ್ಟಳು.

"ಡಬ್ಬಿ ನಾ ಹಿಡ್ಕೋತೀನ್ರಿ. ನೀವು ಮುಂದ ಹೋಗಿ ಸೀಟು ಹಿಡೀರಿ."

ಬಸ್ಸಿನಲ್ಲಿ ಹುಕ್ಕೇರಿ ಬರುವ ಮೊದಲೇ ನಿದ್ದೆ ಹೋದಳು. ಡಬ್ಬಿ ಜಾರಬಾರದಲ್ಲ, ದಾರಿಯುದ್ದಕ್ಕೂ ನಾನು ಅವಳ ಹೆಗಲು ಹಿಡಿದುಕೊಂಡು ಬರಬೇಕಾಯಿತು.

ಡಿಸೆಂಬರ್ 17, ಮಂಗಳವಾರ

ಬೀಸುವ ಸದ್ದು ಮುಂಜಾನೆ ಬರಲಿಲ್ಲ. ಸಾಲು ಮುಗಿದು ಗಾಡಿ ಹೋದ ಮೇಲೆ ಬಂತು. ಆದರೆ ಸಾಲು ಎಂದರೆ ಎಷ್ಟು ಸಾಲು? ಅರ್ಧಕ್ಕರ್ಧ ಜನ ಇನ್ನೂ ರಸ್ತೆಯ ಆಚೆ ಇದ್ದಾರೆ. ಬಂದವರಿಗೆ ಚೀಟಿ ಕೈಯಲ್ಲಿಟ್ಟು, ಆಚೆಯವರಿಗೂ ಕೇಳುವಂತೆ ಫ್ಯಾಟ್ ಓದಿ ಹೇಳಿದೆ.

ಹೊಸ ತೊಂದರೆಯೊಂದಿದೆ. ಯಂತ್ರ ಚಾಲು ಬಿಟ್ಟು ಬಾಗಿಲಿಗೆ ಕೀಲಿ ಹಾಕುವುದು ನನಗೆ ಒಪ್ಪುವುದಿಲ್ಲ. ಯಾರಾದರೂ ಕೂರಬೇಕು. ಅಲ್ಲಿ ಕೂತು ಮಾಡುವ ಕೆಲಸ ಮತ್ತೇನೂ ಇಲ್ಲ. ಯಂತ್ರ ತಿಳಿದವಳು ಸುಜಾತಾ, ಅವಳೇ ಕೂರಲಿ. ಅಷ್ಟು ಹೊತ್ತು ಮನೆಯ ರೊಟ್ಟಿ ನಾನೇ ಬಡಿಯುತ್ತಿದ್ದೇನೆ. ಬೇರೆ ದಾರಿ ಇಲ್ಲ.

ಡಿಸೆಂಬರ್ 20, ಶುಕ್ರವಾರ

ಶಿವಕುಮಾರ ದರ ಇಳಿಸಿದ್ದಾನೆ. ಹೇಳಿದ್ದೆ. ಕೇಳುವವರು ಬೇಕಲ್ಲ. ಜಿನ್ನವ್ವ ಬಂದು ಸಾಲಿನ ಕೊನೆಗೆ ನಿಂತಳು. ನಾನು ಮಾತಾಡಿಸಲಿಲ್ಲ. ಅವಳ ಹಾಲು ತೂಗಿ ಚೀಟಿ ಕೊಟ್ಟವಳು ಸುಜಾತಾ. ಚಂದ ಆತು ಬಿಡ್ರಿ ಕಾಕೂ, ನೀವು ಬಂದ್ರಿ ಎಂದು ಬೇರೆ ಹೇಳಿದಳು. ಅಷ್ಟು ಮೆತ್ತಗಿರಬಾರದು.

ಡಿಸೆಂಬರ್ 23, ಸೋಮವಾರ

ಮುಂಜಾನೆ ನಡುವೆ ಕರೆಂಟು ಹೋಗಿ ಬಂತು, ಮತ್ತೆ ಆ ಹಾಳು ಸದ್ದು. ಹೊಳೆಪ್ಪ ಬಂದು ನಿಂತ ದಿನವೇ ಆಗಬೇಕೇ? ಸುಜಾತಾ ಕಪ್ಪು ಪರದೆ ತೆಗೆದು ಹುಡುಕಿದಳು. ಒಂದು ಕೆಲಸಕ್ಕೆ ಹೊತ್ತು ಗೊತ್ತು ಮಾಡುವುದು ಅವಳಿಗೆ ಮರೆತಿತ್ತಂತೆ. ಒಂದೇ ಸಾಲನ್ನು ಎರಡೆರಡು ಸಲ ತಪ್ಪು ಬರೆದು ಅಳಿಸಿದಳು. ಈಗ ಏನನ್ನುತ್ತೇನೋ ಎಂದು ಹೆಂಗಸರೆಲ್ಲ ನನ್ನ ಬಾಯಿ ನೋಡಿದರು.

ಒಂದು ಚೊಂಬು ನೀರು ತಂದು ಅವಳ ಪಕ್ಕದಲ್ಲಿಟ್ಟೆ. ಸಾಲಿನ ಕಡೆ ತಿರುಗಿ, ಯಾರಿಗೆ ಅವಸರ ಇದೆಯೋ ಅವರು ಮನೆಗೆ ಹೋಗಿ ಎಮ್ಮೆಗೆ ಹೇಳಿ ಬರಲಿ ಎಂದೆ. ನಕ್ಕರು. ಅಷ್ಟರಲ್ಲಿ ಬಾಣ ಕದಲಿತು. ಗಾಡಿ ಬಂದಾಗ ಕೊನೆಯ ಕ್ಯಾನಿನ ಮುಚ್ಚಳ ಹಾಕುತ್ತಿದ್ದೆವು. ಹೊಳೆಪ್ಪ ಗೋಡೆಯ ಗಡಿಯಾರ ನೋಡಿಕೊಂಡು ಹೊರಟ. ಅವನ ಗಂಟಲಿನಿಂದ ಒಂದು ಒಳ್ಳೆಯ ಮಾತು ಹೊರಡಲು ಪಂಚಾಂಗ ನೋಡಬೇಕೇನೋ.

ಜನವರಿ 1, ಬುಧವಾರ

ಗಾಡಿ ಬಂತು. ಮುಂದೆಯೂ ಬರುತ್ತದೆ ಎಂದು ಹೊಳೆಪ್ಪ ಫೋನು ಮಾಡಿ ಹೇಳಿದ. ತುಕ್ಕಾನಟ್ಟಿಯ ಹೆಸರು ಹೊಸ ದಾರಿಯಲ್ಲಿದೆ. ಸಿದ್ರಾಯನಿಗೆ ಇವತ್ತು ಹಾರ್ನ್ ಹೊಡೆಯುವ ಸಂದರ್ಭವೇ ಬರಲಿಲ್ಲ. ಶಿವಕುಮಾರನ ಕಡೆಗೆ ನಾನು ನೋಡಲಿಲ್ಲ. ಒಂದು ಸಲ ನೋಡಿದೆ.

ಜನವರಿ 4, ಶನಿವಾರ

ಮನೆಯ ಕೆಲಸ ಮುಗಿಸಿ ಬುತ್ತಿ ಕೊಡಲು ಸಂಘಕ್ಕೆ ಹೋದೆ. ಸುಜಾತಾ ಮೇಜಿನ ಮೇಲೆ ತೋಳು ಮಡಚಿ ಅದರ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ದಳು. ಯಂತ್ರದ ಕೆಲಸ ಆಗಲೇ ಮುಗಿದಿತ್ತು, ಕೆಂಪು ದೀಪ ಆರಿತ್ತು, ಸದ್ದಿಲ್ಲ. ಎಬ್ಬಿಸಲು ಕೈ ಎತ್ತಿದೆ. ಬುತ್ತಿ ತಣ್ಣಗಾದರೆ ಆಗಲಿ ಎನಿಸಿತು.

ಆಗ ಜಿನ್ನವ್ವ ಬಂದಳು. ಅವಳ ಗಂಟಲು ಮೂಡಲಗಿಯ ಸಂತೆಯವರೆಗೆ ಕೇಳಿಸುತ್ತದೆ. ಬಾಗಿಲಲ್ಲೇ ಬಾಳಕ್ಕಾ ಎಂದು ಶುರು ಮಾಡಿದಳು. ಓಡಿಹೋಗಿ ತಡೆದೆ.

"ಮೆಲ್ಲಗ ಮಾತಾಡ. ಒಳಗ ಮಶೀನು ಕೆಲಸ ಮಾಡಾಕತ್ತೈತಿ."

ಜಿನ್ನವ್ವ ನನ್ನ ಹೆಗಲ ಮೇಲಿಂದ ಒಳಗೆ ಇಣುಕಿದಳು. ಯಂತ್ರ ನೋಡಿದಳು, ಸುಜಾತಾಳನ್ನು ನೋಡಿದಳು. ಚಪ್ಪಲಿ ಕಳಚಿ ಮೆಟ್ಟಿಲ ಮೇಲೆ ಕೂತಳು. ನಾನೂ ಪಕ್ಕದಲ್ಲಿ ಕೂತೆ. ಡಿಸೆಂಬರಿನಿಂದ ಅವಳೊಂದಿಗೆ ಮಾತು ಬಿಟ್ಟಿದ್ದೆ ಎಂಬುದು ಕೂತ ಮೇಲೆ ನೆನಪಾಯಿತು.

ಅವಳ ಎಮ್ಮೆ ಹೆಣ್ಣು ಕರು ಹಾಕಿದೆಯಂತೆ. ಅಂಥ ಸುದ್ದಿಯನ್ನು ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದಳು. ನಾನೂ ಅವಳ ಕಿವಿಗೆ ಬಾಗಿ, ಗಿಣ್ಣ ಯಾವಾಗ ಕಳಿಸುತ್ತೀ ಎಂದು ಕೇಳಿದೆ.